ಕನ್ನಡಕದಂಗಡಿಯ ಇಕ್ಬಾಲ್ ಮತ್ತು ಅವನ ಎರಡು ದುಡಿಮೆ

ನಮ್ಮ ಕಡೆ ಒಂದೇ ದುಡಿಮೆ ಇರುವವರು ಕಡಿಮೆ. ಯಲ್ಲಾಪುರದ ಖಾಸಗಿ ಶಾಲೆಯಲ್ಲಿ ಪಾಠ ಹೇಳುವವಳು ಸಂಜೆ ಬ್ಲೌಸ್ ಹೊಲಿಯುತ್ತಾಳೆ. ಶಿರಸಿಯ ಗ್ಯಾಸ್ ಏಜೆನ್ಸಿಯಲ್ಲಿ ಲೆಕ್ಕ ಬರೆಯುವವನು ಮದುವೆಯ ದಿನಗಳಲ್ಲಿ ಫೋಟೋ ತೆಗೆಯಲು ಹೋಗುತ್ತಾನೆ. ಸಿದ್ದಾಪುರದ ಔಷಧಿ ಅಂಗಡಿಯಲ್ಲಿ ಸಂಬಳಕ್ಕಿರುವವನು ಊರಿನಲ್ಲಿ ಜೇನುಪೆಟ್ಟಿಗೆ ಇಟ್ಟಿರುತ್ತಾನೆ. ಕೇಳಿದರೆ ಎಲ್ಲರೂ ಒಂದೇ ಕೆಲಸದ ಹೆಸರು ಹೇಳುತ್ತಾರೆ, ಸಂಬಳ ಬರುವ ಕೆಲಸದ್ದು. ಇನ್ನೊಂದು ಅವರ ಪಾಲಿಗೆ ಕೆಲಸವೇ ಅಲ್ಲ. "ಅದು ಸುಮ್ನೆ ಒಂಚೂರು ಮಾಡೋದು" ಎಂದು ಕೈ ಆಡಿಸಿಬಿಡುತ್ತಾರೆ. ಆ "ಸುಮ್ನೆ ಒಂಚೂರ"ನ್ನು ಬೆನ್ನಟ್ಟಿ ಹೋಗುವುದರಲ್ಲೇ ನನ್ನ ವೃತ್ತಿಯ ಬಹುಪಾಲು ಕಳೆಯಿತು.

ಶಿರಸಿಯ ಪೇಟೆಯಲ್ಲಿ, ಮಹಡಿಯ ಮೇಲೆ ನಮ್ಮ ತೆರಿಗೆ ಸಲಹೆಯ ಕಚೇರಿ. ಅದನ್ನೀಗ ನನ್ನ ಬಳಿ ಕೆಲಸ ಕಲಿತ ದೀಪಾ ನಡೆಸುತ್ತಾಳೆ. ಕಾನೂನು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು, ಕಂಪ್ಯೂಟರಂತೂ ಕೇಳುವುದೇ ಬೇಡ. "ಕಾನೂನು ನಾನು ಓದ್ಕೋತೇನೆ ಮೇಡಂ. ಜನರ ಜೊತೆ ಹೇಗೆ ಅನ್ನೋದನ್ನ ಬರೆದುಕೊಡಿ" ಎಂದು ಅವಳು ಕೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ನಾನು ಆ ಕಚೇರಿಗೆ ಟೈಪಿಸ್ಟಳಾಗಿ ಸೇರಿದವಳು. ಅದು ಆಗ ಕಾಮತ್ ಸರ್ ಅವರದ್ದು. ಬಿಳಿ ಅಂಗಿ, ಜೇಬಿನಲ್ಲಿ ಸದಾ ಪೆಪ್ಪರಮಿಂಟು, ಸಿಟ್ಟು ಬಂದರೆ ಕೊಂಕಣಿ. ಎದುರಿಗೆ ಕೂತವರನ್ನು ಅವರು ಎಂದೂ "ನಿಮ್ಮ ಆದಾಯ ಎಷ್ಟು" ಎಂದು ಕೇಳಿದವರಲ್ಲ. "ಬೆಳಿಗ್ಗೆ ಎದ್ದು ಎಂತ ಮಾಡ್ತೀರಿ?" ಎಂದು ಶುರುಮಾಡುತ್ತಿದ್ದರು. ಆಮೇಲೆ? ಸಂಜೆ? ಭಾನುವಾರ? ಆ ಮನುಷ್ಯ ಮನೆಯ ಸುದ್ದಿ ಹೇಳುತ್ತಿದ್ದೇನೆ ಅಂದುಕೊಂಡು ಎಲ್ಲವನ್ನೂ ಹೇಳಿ ಮುಗಿಸುತ್ತಿದ್ದ. ಭಾನುವಾರದ ಹೊತ್ತಿಗೆ ಎರಡನೆಯ ದುಡಿಮೆ ತಾನಾಗಿ ಹೊರಗೆ ಬಂದಿರುತ್ತಿತ್ತು. ಆದಾಯದ ಮಾತೆತ್ತಿದರೆ ಜನ ಗಟ್ಟಿಯಾಗುತ್ತಾರೆ, ದಿನಚರಿ ಕೇಳಿದರೆ ಸಡಿಲಾಗುತ್ತಾರೆ. ಇದು ನಾನು ಅವರಿಂದ ಕಲಿತ ಮೊದಲ ಪಾಠ.

ಎರಡನೆಯ ಪಾಠ ಅವರದೇ ತಪ್ಪಿನಿಂದ ಬಂತು. ಸಿದ್ದಾಪುರದಲ್ಲಿ ಲಲಿತಾ ಎಂಬ ಉಪನ್ಯಾಸಕಿ ಇದ್ದರು. ಖಾಸಗಿ ಕಾಲೇಜಿನ ಸಂಬಳ, ಸಂಜೆ ತಮ್ಮದೇ ಕಂಪ್ಯೂಟರ್ ತರಗತಿ. ಸಂಬಳದ ತೆರಿಗೆಯನ್ನು ಕಾಲೇಜಿನವರೇ ತಿಂಗಳು ತಿಂಗಳು ಹಿಡಿದುಕೊಂಡು ಸರ್ಕಾರಕ್ಕೆ ಕಟ್ಟುತ್ತಿದ್ದರು. ಸ್ವಂತ ಕೆಲಸದ್ದಕ್ಕೆ ಹಾಗೆ ಹಿಡಿಯುವವರು ಯಾರೂ ಇಲ್ಲ. ಅದರ ತೆರಿಗೆ ಒಂದು ಮಿತಿ ಮೀರುವಂತಿದ್ದರೆ ವರ್ಷ ಮುಗಿಯುವ ಮೊದಲೇ ಕಂತುಗಳಲ್ಲಿ ನಾವಾಗಿಯೇ ಕಟ್ಟಬೇಕು. ಮುಂಗಡ ತೆರಿಗೆ ಎನ್ನುವುದು ಇದಕ್ಕೇ. ಇಲ್ಲವಾದರೆ ಬಡ್ಡಿ ಬೀಳುತ್ತದೆ. ಕಾಮತ್ ಸರ್ ಲಲಿತಾ ಅವರಿಗೆ ಇದನ್ನು ಹೇಳಿರಲಿಲ್ಲ. ಬಡ್ಡಿ ಬಿತ್ತು.

ಅವರು ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿ ಸಿದ್ದಾಪುರಕ್ಕೆ ಹೋದರು. ತರಗತಿಯ ಬಾಗಿಲಲ್ಲೇ ನಿಂತು, "ತಪ್ಪು ನಂದು, ಬಡ್ಡಿ ನಾನು ಕಟ್ತೇನೆ" ಎಂದರು. ಲಲಿತಾ ಬಡ್ಡಿಯ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

"ಯಾಕೆ ಹೇಳ್ಲಿಲ್ಲ ಸರ್ ನೀವು?"

ಕಾಮತ್ ಸರ್ ಸುಳ್ಳು ಹೇಳುವವರಲ್ಲ. "ದೀಪಾವಳಿ ಒಳಗೆ ಈ ಕ್ಲಾಸು ಮುಚ್ಚಬಹುದು ಅಂದ್ಕೊಂಡಿದ್ದೆ" ಎಂದುಬಿಟ್ಟರು.

ಲಲಿತಾ ಅವರ ಮುಖ ಕೆಂಪಾಯಿತು. "ನೋಡಿ, ಬಡ್ಡಿ ನಾನೇ ಕಟ್ತೆ. ನೀವು ಮುಂದಿನ ವರ್ಷ ಮೊದಲನೇ ಕಂತಿನಿಂದ್ಲೇ ನನ್ನ ಕ್ಲಾಸು ನಡೀತದೆ ಅಂತ ನಂಬಿ. ಅಷ್ಟು ಸಾಕು" ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಕಾಮತ್ ಸರ್ ಒಂದೇ ಮಾತಾಡಿದ್ದು: "ಸುಮಿತ್ರಾ, ಗಿರಾಕಿಯ ಕೆಲಸವನ್ನ ಗಿರಾಕಿ ತಿಳಿದದ್ದಕ್ಕಿಂತ ಸಣ್ಣದು ಅಂತ ನಾವು ತಿಳೀಬಾರದು." ಲಲಿತಾ ಅವರ ಸಂಜೆ ತರಗತಿ ಬಹಳ ವರ್ಷ ನಡೆಯಿತು.

ಕಾಮತ್ ಸರ್ ನಂತರ ಕಚೇರಿ ನನ್ನ ಕೈಗೆ ಬಂತು. ಮುಂದೆ ಕಾಗದದ ಕಾಲ ಹೋಗಿ ಕಂಪ್ಯೂಟರಿನ ಕಾಲ ಬಂತು. ಮೊದಲು ರಿಟರ್ನುಗಳನ್ನು ಟೈಪು ಮಾಡಿ, ಕಟ್ಟಿಕೊಂಡು, ಇಲಾಖೆಯ ಕಿಟಕಿಯೆದುರು ಸಾಲು ನಿಂತು, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬರುತ್ತಿದ್ದೆ. ಆಮೇಲೆ ಮೊಹರು ಹೋಯಿತು, ಸಾಲೂ ಹೋಯಿತು. ಸಾಲಿನಲ್ಲಿ ಸಿಗುತ್ತಿದ್ದ ಗೆಳತಿಯರೂ ಸಿಗದಾದರು. ಫೋನಿನಲ್ಲಿ ಹಣ ಕಳಿಸುವುದು ಬಂದ ಮೇಲೆ ಜನರಿಗೆ ಹೊಸದೊಂದು ಭಯ ಶುರುವಾಯಿತು. ಅದನ್ನು ಹೊತ್ತು ಮೊದಲು ಬಂದವನು ದಾಸನಕೊಪ್ಪದ ನಿಂಗಪ್ಪ.

ನಿಂಗಪ್ಪ ಅಕ್ಕಿ ಗಿರಣಿಯಲ್ಲಿ ಸಂಬಳದ ಫಿಟ್ಟರ್. ಬಿಡುವಿನಲ್ಲಿ ಸುಟ್ಟುಹೋದ ಪಂಪಿನ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವುದು ಅವನ ಸ್ವಂತ ಕೆಲಸ. ಫೋನಿಗೆ ಬಂದ ಹಣಕ್ಕೆಲ್ಲ ತೆರಿಗೆ ಬೀಳುತ್ತದೆ ಎಂದು ಯಾರೋ ಹೇಳಿ ಅವನನ್ನು ಹೆದರಿಸಿದ್ದರು.

"ಅಕ್ಕಾರ, ನಮ್ಮ ತಂಗಿ ರೊಕ್ಕ ಹಾಕ್ಯಾಳ್ರಿ. ಅದಕ್ಕೂ ಕಟ್ಟಬೇಕೇನ್ರಿ?"

ತಂಗಿ ಕೊಟ್ಟದ್ದು ವ್ಯಾಪಾರವಲ್ಲ, ಮೋಟಾರಿನ ಹಣದಲ್ಲೂ ತಂತಿಯ ಖರ್ಚು ಕಳೆದು ಉಳಿದದ್ದು ಮಾತ್ರ ಆದಾಯ ಎಂದು ತಿಳಿಸಿದೆ. ಮೋಟಾರಿನ ಹಣಕ್ಕೆ ಬ್ಯಾಂಕಿನಲ್ಲಿ ಬೇರೆಯೇ ಖಾತೆ ಮಾಡಿಸು ಎಂದೆ. ಇಂಥವರಿಗೆ ನಾನು ಕೊಟ್ಟ ಅತ್ಯಂತ ಉಪಯುಕ್ತ ಸಲಹೆ ಇದೊಂದೇ ಇರಬಹುದು. ಖರ್ಚಿಗೆ ಆಧಾರ ಇಟ್ಟುಕೋ ಎಂದೂ ಹೇಳಿದೆ. ಮುಂದಿನ ವಾರ ಅವನು ಒಂದು ಗೋಣಿಚೀಲ ಹೊತ್ತು ಮೆಟ್ಟಿಲು ಹತ್ತಿ ಬಂದ. ಚೀಲ ಬಿಚ್ಚಿ ನೆಲಕ್ಕೆ ಸುರಿದ. ಕಪ್ಪಾದ ತಾಮ್ರದ ತಂತಿಯ ರಾಶಿ.

"ನೋಡ್ರಿ, ಇಷ್ಟೂ ಬಿಚ್ಚಿ ಹೊಸದು ಹಾಕೇನಿ. ಆಧಾರ ಅಂದ್ರ ಇದಽ ಅಲ್ರಿ?"

ನಗು ತಡೆದುಕೊಂಡು ಕೇಳಿದೆ: "ಈ ಸುಟ್ಟ ತಂತಿಯನ್ನ ಗುಜರಿಗೆ ಮಾರ್ತೀಯಾ ನಿಂಗಪ್ಪ?"

"ಮಾರತೀನ್ರಿ. ಚಲೋ ರೇಟ್ ಐತಿ."

"ಹಾಗಾದ್ರೆ ಅದೂ ಆದಾಯ."

ನಿಂಗಪ್ಪ ತಂತಿಯನ್ನೆಲ್ಲ ಮತ್ತೆ ಚೀಲಕ್ಕೆ ತುಂಬತೊಡಗಿದ. ಬಾಗಿಲ ಹತ್ತಿರ ಹೋದವನು ತಿರುಗಿ ನೋಡಿ ನಕ್ಕ. ಆಮೇಲೆ ಗುಜರಿಯ ಲೆಕ್ಕವನ್ನೂ ತಪ್ಪದೆ ತಂದುಕೊಟ್ಟ.

ಇವೆಲ್ಲ ನಗುತ್ತ ಹೇಳಬಹುದಾದವು. ಇಕ್ಬಾಲನ ವಿಷಯದಲ್ಲಿ ನನಗೂ ನಿದ್ದೆ ಕೆಟ್ಟಿತ್ತು.

ಇಕ್ಬಾಲ್ ಯಲ್ಲಾಪುರದವನು. ತಂದೆ ಲಾರಿ ಓಡಿಸುತ್ತಿದ್ದರು. ಇವನು ಹುಬ್ಬಳ್ಳಿಯಲ್ಲಿ ಕಣ್ಣು ಪರೀಕ್ಷೆಯ ಡಿಪ್ಲೊಮಾ ಓದಿ, ಶಿರಸಿಯಲ್ಲಿ ಸುಬ್ರಾಯ ಹೆಗಡೆಯವರ ಕನ್ನಡಕದಂಗಡಿಗೆ ಸಂಬಳಕ್ಕೆ ಸೇರಿದ. ಹೆಗಡೆಯವರು ಕಾಮತ್ ಸರ್ ಕಾಲದಿಂದ ನಮ್ಮ ಕಚೇರಿಯ ಗಿರಾಕಿ. ನನ್ನ ಮೊದಲ ಕನ್ನಡಕ ಅವರ ಅಂಗಡಿಯದ್ದೇ. ನನಗೆ ಅವರು ಸುಬ್ರಾಯಣ್ಣ, ಅವರಿಗೆ ನಾನು ತಂಗಿ. ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದರಲ್ಲಿ ಅವರ ಕೈ ಮೀರಿಸುವವರು ಪೇಟೆಯಲ್ಲಿರಲಿಲ್ಲ. ಇಕ್ಬಾಲ್ ಬಂದ ಮೇಲೆ ಕಣ್ಣಿನ ನಂಬರು ನೋಡುವ ಕೆಲಸ ಪೂರ್ತಿ ಅವನದ್ದಾಯಿತು.

ಒಂದು ಮಧ್ಯಾಹ್ನ ಇಕ್ಬಾಲ್ ಒಬ್ಬನೇ ನಮ್ಮ ಕಚೇರಿಗೆ ಬಂದ. ಸಂಬಳದ ರಿಟರ್ನ್ ಹಾಕಬೇಕು, ಮನೆ ಕಟ್ಟುವ ಸಾಲಕ್ಕೆ ಬ್ಯಾಂಕಿನವರು ಕೇಳಿದ್ದಾರೆ ಎಂದ. ನಾನು ಕಾಮತ್ ಸರ್ ಪ್ರಶ್ನೆಯನ್ನೇ ಕೇಳಿದೆ. ಬೆಳಿಗ್ಗೆ ಎಂತ, ಸಂಜೆ ಎಂತ ಎಲ್ಲ ಆಯಿತು. ಭಾನುವಾರಕ್ಕೆ ಬಂದಾಗ ಅವನು ತಡವರಿಸಿದ.

"ಹಳ್ಳಿ ಕಡೆ ಹೋಗ್ತೇನೆ ಅಕ್ಕಾ."

"ಎಂತಕ್ಕೆ?"

ಬಾಗಿಲ ಕಡೆ ಒಮ್ಮೆ ನೋಡಿ ಹೇಳಿದ. ಗಾಜುಗಳ ಪೆಟ್ಟಿಗೆ, ಗೋಡೆಗೆ ತೂಗುಹಾಕುವ ಅಕ್ಷರದ ಹಾಳೆ ಬೈಕಿಗೆ ಕಟ್ಟಿಕೊಂಡು ಒಂದು ಭಾನುವಾರ ಉಮ್ಮಚಗಿ, ಇನ್ನೊಂದು ಭಾನುವಾರ ತ್ಯಾಗಲಿ, ಹೀಗೆ ಹೋಗುತ್ತಿದ್ದ. ಪೇಟೆಗೆ ಬರಲಾಗದ ಮುದುಕರು, ಬಂದರೂ ಅಂಗಡಿಯ ಮೆಟ್ಟಿಲು ಹತ್ತಲು ಸಂಕೋಚಪಡುವ ಹೆಂಗಸರು ಅಲ್ಲಿ ಅವನಿಗೆ ಸಿಗುತ್ತಿದ್ದರು. ನಂಬರು ನೋಡಿ, ಹುಬ್ಬಳ್ಳಿಯಿಂದ ಕನ್ನಡಕ ಮಾಡಿಸಿ ತಂದು ಕೊಡುತ್ತಿದ್ದ. ಪೊರೆಯೋ ಬೇರೆ ಕಾಯಿಲೆಯೋ ಅನುಮಾನ ಬಂದರೆ ಆಸ್ಪತ್ರೆಗೆ ಕಳಿಸುತ್ತಿದ್ದ. ಹಿಂದಿನ ವರ್ಷ ಸಣ್ಣದಾಗಿ ಶುರುವಾದದ್ದು ಈ ವರ್ಷ ಚೆನ್ನಾಗಿ ಬೆಳೆದಿತ್ತು.

"ಯಜಮಾನ್ರಿಗೆ ಗೊತ್ತಾ?"

"ಗೊತ್ತಾದ್ರೆ ಕೆಲ್ಸ ಹೋಗ್ತದೆ. ಅಂಗಡಿ ಗಿರಾಕಿ ಒಬ್ರನ್ನೂ ನಾನು ಮುಟ್ಟಿಲ್ಲ ಅಕ್ಕಾ, ಅಲ್ಲಾಹನ ಆಣೆ. ಆದ್ರೂ ಅವರಿಗೆ ಹೇಗೆ ಹೇಳೋದು? ನೀವು ಸಂಬಳದ್ದು ಮಾತ್ರ ಹಾಕಿಬಿಡಿ. ಅದಕ್ಕೆ ತೆರಿಗೆ ಬರೋದಿಲ್ಲ. ಭಾನುವಾರದ್ದಕ್ಕೂ ಬರೋದಿಲ್ಲ, ಅಷ್ಟು ದೊಡ್ಡದಲ್ಲ ಅದು."

ಈ ಕೆಲಸಕ್ಕೆ ಹೊಸದಾಗಿ ಬರುವವರು ಇದನ್ನು ಚೆನ್ನಾಗಿ ತಿಳಿದುಕೊಳ್ಳಬೇಕು. ಸಂಬಳಕ್ಕೆ ಒಂದು ಮಿತಿ, ಸ್ವಂತ ಕೆಲಸಕ್ಕೆ ಇನ್ನೊಂದು ಮಿತಿ ಎಂದು ಇಲ್ಲ. ಎರಡನ್ನೂ ಕೂಡಿಸಿದ ಮೇಲೆ ಮಿತಿ ನೋಡುವುದು. ಇಕ್ಬಾಲನ ಎರಡು ದುಡಿಮೆಗಳೂ ಬಿಡಿಬಿಡಿಯಾಗಿ ಮಿತಿಯ ಒಳಗಿದ್ದವು. ಕೂಡಿಸಿದರೆ ದಾಟುತ್ತಿದ್ದವು. ಈಗ ಮಿತಿ ಬಹಳ ಮೇಲೆ ಹೋಗಿದೆ, ಇಂದಾಗಿದ್ದರೆ ಅವನಿಗೆ ತೆರಿಗೆ ಬರದೆಯೂ ಇರಬಹುದಿತ್ತು. ಆದರೂ ಎರಡನ್ನೂ ತೋರಿಸಲೇಬೇಕು. ಸಂಬಳದವರ ಸರಳ ನಮೂನೆಯಲ್ಲಿ ಸ್ವಂತ ವ್ಯಾಪಾರಕ್ಕೆ ಜಾಗವೇ ಇಲ್ಲ, ಬೇರೆ ನಮೂನೆಯನ್ನೇ ತುಂಬಬೇಕು.

ಸಂಬಳ ಕೊಡುವವರಿಗೆ ಬೇರೆ ಆದಾಯವನ್ನೂ ತಿಳಿಸಿದರೆ ಅದರ ತೆರಿಗೆಯನ್ನೂ ಅವರೇ ಹಿಡಿದು ಕಟ್ಟಬಹುದು. ಬಹಳ ಜನರಿಗೆ ಇದು ಸುಲಭದ ದಾರಿ. ಇಕ್ಬಾಲನಿಗೆ ಅದೇ ಆಗದ ದಾರಿ. ಹಾಗಾಗಿ, "ಮಾರ್ಚ್ ಹದಿನೈದರೊಳಗೆ ಮುಂಗಡ ತೆರಿಗೆ ನೀನೇ ಕಟ್ಟು. ಯಜಮಾನರಿಗೆ ತಿಳಿಸಬೇಕು ಅಂತ ಈ ಕಾನೂನು ಕೇಳೋದಿಲ್ಲ. ಆದರೆ ಸಂಬಳದ್ದು ಮಾತ್ರ ಅಂತ ನಾನು ಹಾಕೋದಿಲ್ಲ" ಎಂದೆ.

"ಬೇರೆಯವರು ಹಾಕಿಕೊಡ್ತಾರೆ ಅಕ್ಕಾ."

"ಹಾಕಿಕೊಡಬಹುದು."

ಅವನು ಎದ್ದು ಹೋದ. ಚಹಾ ತರಿಸಿದ್ದೆ, ಕುಡಿಯಲಿಲ್ಲ.

ಕೆಲವು ವಾರ ಕಳೆದು ಸುಬ್ರಾಯಣ್ಣ ಬಂದರು. ಎಂದಿನಂತೆ ನಗಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು, ನಮ್ಮಿಬ್ಬರ ಮನೆಮಾತಾದ ಹವ್ಯಕ ಕನ್ನಡದಲ್ಲೇ ಕೇಳಿದರು.

"ತಂಗೀ, ಇಕ್ಬಾಲ ನಿನ್ನ ಹತ್ರ ಬಂದಿದ್ನಡ, ಹೌದಾ?"

"ಇಲ್ಲಿಗೆ ಸುಮಾರು ಜನ ಬತ್ತ ಸುಬ್ರಾಯಣ್ಣ."

"ತ್ಯಾಗಲಿಂದ ಯನ್ನ ಅಕ್ಕ ಫೋನ್ ಮಾಡಿತ್ತು. ಅಂವ ಅಲ್ಲಿ ಶಾಲೆ ಜಗಲಿ ಮೇಲೆ ಕೂತ್ಕಂಡು ನಂಬರು ನೋಡ್ತ್ನಡ, ಕನ್ನಡಕ ಕೊಡ್ತ್ನಡ. ಅಂಗಡಿ ಹೆಸರಲ್ಲಿ ಅಲ್ಲ, ಸ್ವಂತದ್ದಡ. ನಿಂಗೆ ಗೊತ್ತಿದ್ದು. ಹೇಳು."

ನನಗೆ ಗೊತ್ತಿತ್ತು. ಹೇಳಿದರೆ ಒಬ್ಬನ ಸಂಬಳ ಹೋಗುತ್ತದೆ ಎನ್ನುವುದೂ ಗೊತ್ತಿತ್ತು. ಆದರೆ ಬಾಯಿ ಮುಚ್ಚಿಕೊಂಡಿದ್ದು ಇಕ್ಬಾಲನ ಮೇಲಿನ ಕನಿಕರದಿಂದಲ್ಲ. ಅವನು ನನ್ನ ಗಿರಾಕಿ ಆಗಿಯೂ ಇರಲಿಲ್ಲ, ಸಿಟ್ಟು ಮಾಡಿಕೊಂಡು ಹೋದವನು. ಆದರೂ ಆ ಕುರ್ಚಿಯಲ್ಲಿ ಕೂತು ಆಡಿದ ಮಾತು ಆ ಕೋಣೆ ಬಿಟ್ಟು ಹೋಗಬಾರದು.

"ಒಬ್ರ ಲೆಕ್ಕ ಇನ್ನೊಬ್ರಿಗೆ ಹೇಳ್ತಿಲ್ಲೆ ಸುಬ್ರಾಯಣ್ಣ. ನಿಮ್ಮದನ್ನೂ ಇಷ್ಟು ವರ್ಷ ಯಾರಿಗೂ ಹೇಳಿದ್ದಿಲ್ಲೆ."

"ಆನು ನಿಂಗೆ ಯಾರೋ ಇನ್ನೊಬ್ನಾ?"

ನೀರು ಕುಡಿಯುತ್ತೀರಾ ಎಂದು ಕೇಳಿದೆ. ಅವರು ಬೇಡವೆಂದರು. ಆ ವಾರವೇ ಅಂಗಡಿಯ ಹುಡುಗಿಯೊಬ್ಬಳನ್ನು ಕಳಿಸಿ ತಮ್ಮ ಕಡತಗಳನ್ನೆಲ್ಲ ತರಿಸಿಕೊಂಡರು, ಬೇರೊಬ್ಬ ಸಲಹೆಗಾರರಿಗೆ ಒಪ್ಪಿಸಿದರು ಎಂದು ಕೇಳಿದೆ. ಇಕ್ಬಾಲನನ್ನು ಮಾತ್ರ ಏನೂ ಕೇಳಲಿಲ್ಲವಂತೆ, ಅವನಾಗಿಯೇ ಹೇಳಲೆಂದು ಕಾದಿದ್ದರೋ ಏನೋ. ಅಂಗಡಿಯ ಮುಂದೆ ಹಾಯುವಾಗ ಅವರು ಗಾಜು ಉಜ್ಜುತ್ತ ತಲೆಯೆತ್ತುತ್ತಿರಲಿಲ್ಲ. ಮನೆಯಲ್ಲಿ ಊಟಕ್ಕೆ ಕೂತಾಗ ಸುಮ್ಮನೆ ಕಣ್ಣು ತುಂಬುತ್ತಿತ್ತು. ಅಣ್ಣ ಎಂದು ಕರೆದವರ ಮುಂದೆ ನಿಯಮದ ಮಾತಾಡಿದೆನಲ್ಲ ಎಂದು ಸಂಕಟವಾಗುತ್ತಿತ್ತು. ಮತ್ತೆ ಅದೇ ಪ್ರಶ್ನೆ ಕೇಳಿದರೆ ಅದೇ ಉತ್ತರ ಕೊಡುತ್ತಿದ್ದೆ, ಅದೂ ನಿಜ.

ಮಾರ್ಚ್ ಮೊದಲ ವಾರ ಇಕ್ಬಾಲ್ ತಿರುಗಿ ಬಂದ. ಈ ಸಲ ತಾನೇ ಚಹಾ ಹಿಡಿದುಕೊಂಡು ಬಂದಿದ್ದ.

"ಅಕ್ಕಾ, ಉಮ್ಮಚಗೀಲಿ ಒಬ್ರು ಅಮ್ಮ ಇದ್ದಾರೆ. ಕನ್ನಡಕ ಕೊಟ್ಟೆ. ಹಾಕ್ಕೊಂಡು ಅಂಗಳ ಎಲ್ಲ ನೋಡಿದ್ರು. ಖುಷಿಯಾಯ್ತು ಅವರಿಗೆ. ಮಗನ ಕಂಪನಿಯವರು ಹಣ ಕೊಡ್ತಾರೆ, ಒಂದು ಬಿಲ್ ಕೊಡು ಅಂದ್ರು." ಚಹಾ ಲೋಟ ತಿರುಗಿಸುತ್ತ ಮುಂದುವರಿಸಿದ: "ಯಾರ ಹೆಸರಲ್ಲಿ ಕೊಡ್ಲಿ? ಯಜಮಾನ್ರ ಅಂಗಡಿ ಬಿಲ್ ಪುಸ್ತಕ ನನ್ನ ಚೀಲದಲ್ಲೇ ಇತ್ತು, ಶನಿವಾರ ವಸೂಲಿಗೆ ಹೋದದ್ದು. ಒಂದು ಹಾಳೆ ಹರಿದುಕೊಟ್ಟಿದ್ರೆ ಮುಗೀತಿತ್ತು. ಕೈ ಬರ್ಲಿಲ್ಲ. ಅಮ್ಮಾ, ನನ್ನ ಹತ್ರ ಬಿಲ್ ಇಲ್ಲ ಅಂದೆ. ಅವರು ನನ್ನ ಮುಖ ಹೇಗೆ ನೋಡಿದ್ರು ಗೊತ್ತಾ? ಕದ್ದ ಮಾಲು ಮಾರ್ತಿದ್ದಾನೋ ಎಂತದೋ ಅನ್ನೋ ಹಾಗೆ."

ಅವನಿಗೆ ತಾನು ಮಾಡುತ್ತಿದ್ದ ಕೆಲಸದ ಮೇಲೆ ಅಭಿಮಾನವಿತ್ತು. ಅದಕ್ಕೊಂದು ಹೆಸರಿಲ್ಲ ಎನ್ನುವುದು ಆ ಅಂಗಳದಲ್ಲಿ ಅವನಿಗೆ ತಿಳಿಯಿತು.

ಅಂದೇ ಕೂತು ಇಬ್ಬರೂ ಲೆಕ್ಕ ಮಾಡಿದೆವು. ಸಣ್ಣ ವ್ಯಾಪಾರಿಗಳಿಗೆ ವಹಿವಾಟಿನ ಮೇಲೆ ಇಷ್ಟು ಪಾಲು ಲಾಭ ಎಂದು ಅಂದಾಜು ತೋರಿಸುವ ಅವಕಾಶ ಕಾನೂನಿನಲ್ಲಿದೆ. ಅವನಿಗೆ ನಿಜವಾಗಿ ಉಳಿದದ್ದು ಅದಕ್ಕಿಂತ ಹೆಚ್ಚಿತ್ತು, ಹೆಚ್ಚನ್ನೇ ತೋರಿಸಿದೆವು. ಸಂಬಳ ಒಂದು ಕಡೆ, ವ್ಯಾಪಾರ ಒಂದು ಕಡೆ ಬರೆದು ಕೂಡಿಸಿ, ಬರುವ ತೆರಿಗೆಯನ್ನು ಅವನು ನನ್ನೆದುರೇ ಕಟ್ಟಿದ. ಬಿಲ್ ಪುಸ್ತಕ ಅಚ್ಚು ಹಾಕಿಸಲು ಏನೆಂದು ಹೆಸರಿಡಲಿ ಎಂದು ಕೇಳಿದ. "ನಿನ್ನ ಹೆಸರೇ ಇಡು" ಎಂದೆ.

"ಇನ್ನು ಯಜಮಾನ್ರಿಗೆ ಹೇಳಬೇಕು. ನೀವು ಜೊತೇಲಿ ಬರ್ತೀರಾ?"

"ನಾನು ಬರೋದಲ್ಲ ಇಕ್ಬಾಲ್. ಅದು ನೀನೇ ಹೇಳೋ ಮಾತು."

ಮರುದಿನ ಅಂಗಡಿ ತೆರೆಯುವ ಹೊತ್ತಿಗೆ ಹೋಗಿ ಹೇಳಿದನಂತೆ. ಸುಬ್ರಾಯಣ್ಣ ಪೂರ್ತಿ ಕೇಳಿಸಿಕೊಂಡು, "ಮೊದಲನೇ ದಿನವೇ ಹೇಳಿದ್ರೆ ಬೇಡ ಅಂತಿದ್ನಾ ನಾನು? ನನ್ನ ಅಕ್ಕನ ಬಾಯಲ್ಲಿ ಕೇಳಬೇಕಾಯ್ತು" ಎಂದರಂತೆ. ತಿಂಗಳ ಸಂಬಳ ಪೂರ್ತಿ ಎಣಿಸಿಕೊಟ್ಟು, ನಾಳೆಯಿಂದ ಬರುವುದು ಬೇಡ ಎಂದರು.

ಇಕ್ಬಾಲ್ ಬಂದು ನನಗೆ ಇದನ್ನು ಹೇಳುವಾಗ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮನೆ ಕಟ್ಟುವುದನ್ನು ಅವನು ಮುಂದೂಡಿದ. ವಾರದ ಎಲ್ಲ ದಿನ ಹಳ್ಳಿ ತಿರುಗತೊಡಗಿದ. ಮಳೆಗಾಲದಲ್ಲಿ ಬೈಕಿನ ಮೇಲೆ ಗಾಜಿನ ಪೆಟ್ಟಿಗೆ ಒಯ್ಯುವುದು ಕಷ್ಟ, ದುಡಿಮೆ ಇಳಿಯಿತು. ಅತ್ತ ಸುಬ್ರಾಯಣ್ಣನ ಅಂಗಡಿಯೂ ನೆಟ್ಟಗಿರಲಿಲ್ಲ. ನಂಬರನ್ನು ಅವರೇ ನೋಡಲು ಹೋದದ್ದರಿಂದ, ಹೊಸ ಕನ್ನಡಕದವರು ತಲೆನೋವು ಎಂದು ವಾಪಸು ಬರತೊಡಗಿದ್ದರು.

ಗಣೇಶ ಚವತಿ ಮುಗಿದ ಮೇಲೆ ತ್ಯಾಗಲಿಯಲ್ಲಿ ನಡೆದದ್ದನ್ನು ಇಬ್ಬರೂ ನನಗೆ ಬೇರೆಬೇರೆಯಾಗಿ ಹೇಳಿದ್ದಾರೆ. ಎರಡೂ ಬಹುತೇಕ ಒಂದೇ.

ಭಾನುವಾರ ಶಾಲೆಯ ಜಗಲಿಯ ಮೇಲೆ ಇಕ್ಬಾಲ್ ಅಕ್ಷರದ ಹಾಳೆ ತೂಗುಹಾಕಿ ಕೂತಿದ್ದ. ಜನ ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು. ಒಬ್ಬರನ್ನು ನೋಡಿ ಮುಗಿಸಿ, "ಮುಂದಿನವರು ಬನ್ನಿ" ಎಂದ. ಎದ್ದು ಬಂದವರು ಸುಬ್ರಾಯಣ್ಣ. ಅಕ್ಕನ ಮನೆಗೆ ಬಂದವರು, ಎಲ್ಲರ ಹಾಗೆ ಸಾಲಿನಲ್ಲಿ ಕೂತಿದ್ದರು.

ಇಕ್ಬಾಲ್ ಎದ್ದು ನಿಂತ. "ಯಜಮಾನ್ರೇ, ನೀವು ಹೇಳಿ ಕಳಿಸಿದ್ರೆ ಅಂಗಡಿಗೇ ಬರ್ತಿದ್ದೆ."

"ಅಂಗಡಿಗೆ ಬರಬೇಡ ಅಂದವ ನಾನೇ ಅಲ್ಲವಾ? ಕೂತ್ಕ. ಕಣ್ಣು ನೋಡು. ಮೊನ್ನೆಯಿಂದ ಗಾಜಿನ ಅಂಚು ಕಾಣ್ತಾ ಇಲ್ಲ."

ಇಕ್ಬಾಲ್ ನೋಡಿದ. ಒಂದು ಗಾಜು ಹಾಕಿದ, ತೆಗೆದ, ಇನ್ನೊಂದು ಹಾಕಿದ. ಟಾರ್ಚಿನ ಬೆಳಕು ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ, "ಇದಕ್ಕೆ ಕನ್ನಡಕ ಬದಲಿಸಿ ಪ್ರಯೋಜನ ಇಲ್ಲ. ಎರಡೂ ಕಣ್ಣಲ್ಲಿ ಪೊರೆ ಇರೋ ಹಾಗೆ ಕಾಣ್ತದೆ. ಡಾಕ್ಟ್ರಿಗೆ ತೋರಿಸಬೇಕು. ಆಪರೇಶನ್ ಆದ್ರೆ ಮೊದಲಿನ ಹಾಗೇ ಕಾಣ್ತದೆ, ಹೆದರಬೇಡಿ" ಎಂದ.

ಜೀವಮಾನವೆಲ್ಲ ಊರವರ ಕಣ್ಣಿಗೆ ಗಾಜು ಕೂರಿಸಿದವರು ಸುಬ್ರಾಯಣ್ಣ. ಎದ್ದು ಜೇಬಿಗೆ ಕೈ ಹಾಕಿದರು.

"ಎಷ್ಟು?"

"ನಿಮ್ಮ ಹತ್ರ ತಗಳ್ತೇನಾ ನಾನು?"

"ಬೇರೆಯವರ ಹತ್ರ ತಗಳ್ತೀಯಲ್ಲ, ನನ್ನ ಹತ್ರನೂ ತಗ. ಬಿಲ್ಲೂ ಕೊಡು."

ಇಕ್ಬಾಲ್ ಬಿಲ್ ಬರೆದುಕೊಟ್ಟ. ಮರುವಾರ ಅವನೇ ಅವರನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದುಕೊಂಡು ಹೋದ. ಒಂದೊಂದಾಗಿ ಎರಡೂ ಕಣ್ಣಿನ ಶಸ್ತ್ರಚಿಕಿತ್ಸೆ ಆಯಿತು.

ದೀಪಾವಳಿ ಕಳೆದು ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ಪರಿಚಯದ ಹೆಜ್ಜೆಯ ಸದ್ದು ಕೇಳಿತು. ಸುಬ್ರಾಯಣ್ಣ ಕಪ್ಪು ಕನ್ನಡಕ ಹಾಕಿಕೊಂಡು ಬಂದು, ಹಳೆಯ ಕುರ್ಚಿಯಲ್ಲಿ ಬೆನ್ನು ಆನಿಸಿ ಕೂತರು. ಜೇಬಿನಿಂದ ಒಂದು ಬಿಲ್ ತೆಗೆದು ಮೇಜಿನ ಮೇಲಿಟ್ಟರು. ಇಕ್ಬಾಲ್ ಬರೆದುಕೊಟ್ಟದ್ದು.

"ಇದನ್ನ ಅಂಗಡಿ ಖರ್ಚಿಗೆ ಹಾಕ್ಲಾಗ್ತಾ ನೋಡು."

ನಾನು ಬಿಲ್ ನೋಡಿದೆ, ಅವರನ್ನು ನೋಡಿದೆ. "ಆಗ್ತಿಲ್ಲೆ ಸುಬ್ರಾಯಣ್ಣ. ಇದು ಅಂಗಡಿ ಕಣ್ಣಲ್ಲ, ನಿಮ್ಮ ಸ್ವಂತ ಕಣ್ಣು."

ಅವರು ಜೋರಾಗಿ ನಕ್ಕರು. ಎಷ್ಟೋ ತಿಂಗಳಾದ ಮೇಲೆ ಆ ನಗು ಕೇಳಿದ್ದು. "ಆ ಇನ್ನೊಬ್ಬ ಸಲಹೆಗಾರ ಹಾಕ್ಲಾಗ್ತು ಅಂದ. ಅದಕ್ಕೇ ಇಲ್ಲಿ ಬಂದೆ" ಎಂದರು. ಆಮೇಲೆ ದನಿ ತಗ್ಗಿಸಿ, "ಅವತ್ತು ನೀ ಹೇಳಿದ್ದಿದ್ರೆ, ನಾಳೆ ಯನ್ನದನ್ನೂ ಹೇಳ್ತೆ ಅಂತ ಆಗ್ತಿತ್ತು. ಯಂಗೆ ಅದು ಆಮೇಲೆ ಗೊತ್ತಾತು" ಎಂದರು. ಕ್ಷಮೆ ಎನ್ನುವ ಮಾತನ್ನು ಇಬ್ಬರೂ ಆಡಲಿಲ್ಲ. ಚಹಾ ಬಂತು, ಕುಡಿದರು.

ಅವರು ಬಂದ ಕಾರಣ ಬೇರೆಯಿತ್ತು. ಇಕ್ಬಾಲನನ್ನು ಅಂಗಡಿಗೆ ವಾಪಸು ಕರೆಯಬೇಕು. ಅವನ ಹಳ್ಳಿಯ ಕೆಲಸವನ್ನು ಬಿಡಿಸಬಾರದು. ಹೇಗೆ? ಇಕ್ಬಾಲನನ್ನೂ ಕರೆಸಿ ಮೂವರೂ ಕೂತು ಮಾತಾಡಿದೆವು. ಸೋಮವಾರದಿಂದ ಗುರುವಾರದವರೆಗೆ ಇಕ್ಬಾಲ್ ಅಂಗಡಿಯಲ್ಲಿ ಸಂಬಳದ ಕೆಲಸಗಾರ. ಶುಕ್ರವಾರ ನಮಾಜಿನ ನಂತರ ಭಾನುವಾರ ಮುಗಿಯುವವರೆಗೆ ತನ್ನ ವ್ಯಾಪಾರಕ್ಕೆ ತಾನೇ ಮಾಲೀಕ. ಹಳ್ಳಿಯವರ ಕನ್ನಡಕಗಳನ್ನು ಇನ್ನು ಹುಬ್ಬಳ್ಳಿಯಲ್ಲಿ ಮಾಡಿಸುವುದಿಲ್ಲ, ಸುಬ್ರಾಯಣ್ಣನ ಕೈಯಲ್ಲೇ ಮಾಡಿಸುತ್ತಾನೆ, ಹಣ ಕೊಟ್ಟು, ಬಿಲ್ ಪಡೆದು. ಅವನ ರಿಟರ್ನಿನಲ್ಲಿ ಸಂಬಳ ಕೊಟ್ಟವರ ಹೆಸರು ಸುಬ್ರಾಯ ಹೆಗಡೆ. ವ್ಯಾಪಾರದ ಲೆಕ್ಕದಲ್ಲಿ ಮಾಲು ಕೊಟ್ಟವರ ಹೆಸರೂ ಅದೇ. ಅಂಥ ಲೆಕ್ಕವನ್ನು ನಾನು ಅದಕ್ಕೂ ಮೊದಲು ಬರೆದಿರಲಿಲ್ಲ, ಆಮೇಲೂ ಬರೆಯಲಿಲ್ಲ.

ಒಮ್ಮೆ ಶನಿವಾರ ನನ್ನ ಕನ್ನಡಕದ ಕಾಲು ಸಡಿಲವಾಗಿ ಅಂಗಡಿಗೆ ಹೋಗಿದ್ದೆ. ಸುಬ್ರಾಯಣ್ಣ ಗಾಜು ಉಜ್ಜುತ್ತಿದ್ದರು, ಕಣ್ಣು ಈಗ ಚುರುಕಾಗಿತ್ತು. ಇಕ್ಬಾಲ್ ಹಳ್ಳಿಯ ಆರ್ಡರುಗಳನ್ನು ಹಿಡಿದು ಒಳಗೆ ಬಂದ. ಎರಡು ದಿನ ಹಿಂದಷ್ಟೇ ಅದೇ ಅಂಗಡಿಯಲ್ಲಿ, "ಏ ಇಕ್ಬಾಲಾ, ಬಾ ಇಲ್ಲಿ, ಗಾಜು ಎಲ್ಲಿಟ್ಟೆ ಮಾರಾಯಾ?" ಎಂದು ಅವರು ಕೂಗಿದ್ದನ್ನು ರಸ್ತೆಯಲ್ಲಿ ಹೋಗುತ್ತ ನಾನೇ ಕೇಳಿದ್ದೆ. ಈಗ ಅವರು ಕೈ ಒರೆಸಿಕೊಂಡು ಎದ್ದು ನಿಂತು, ಗಿರಾಕಿಗಳ ಕುರ್ಚಿಯನ್ನು ಮುಂದಕ್ಕೆಳೆದರು.

"ಬನ್ನಿ ಇಕ್ಬಾಲ್ ಸಾಹೇಬ್ರೇ, ಕೂತ್ಕಳಿ. ಚಹಾ ತಗಳ್ತ್ರಾ?"

ಇಕ್ಬಾಲ್ ನನ್ನ ಕಡೆ ನೋಡಿ ನಾಚಿದ. ಆದರೆ ಕೂತ. ಕಾಲ ಮೇಲೆ ಕಾಲು ಹಾಕಿಕೊಂಡು, "ಸಕ್ಕರೆ ಕಮ್ಮಿ ಇರಲಿ ಹೆಗಡೇರೇ" ಎಂದ.